ನೆತ್ತರಿಗೆ ಬೆಲೆ ಕಟ್ಟುವವರಿಗೆ



ಬಬ್ಬೂರಿನ ಚಹಾದಂಗಡಿಯೊಂದರಲ್ಲಿ, ಕೂಲಿ ದೊರೆಯದ ದಿನ, ನಾಲ್ವರು ತರುಣರು ಆಡಿಕೊಳ್ಳುತ್ತಿದ್ದ ಮಾತು ಈ ಲೇಖನಕ್ಕೆ ಕಾರಣವಾಯಿತು. "ಅಮೆರಿಕೆಯಲ್ಲಿ ವಾರಕ್ಕೆ ಎರಡು ಸಲ ಪ್ಲಾಸ್ಮಾ ಕೊಟ್ಟು ಡಾಲರು ಎಣಿಸುತ್ತಾರಂತೆ. ನಮ್ಮ ಮೈಯಲ್ಲಿ ಹರಿಯುವುದೇನು ನೀರೇ? ಇಲ್ಲೇಕೆ ಅದಾಗಬಾರದು?" ಆ ತರುಣರನ್ನು ನಾನು ಹಳಿಯಲಾರೆ. ಪಕ್ಕದ ವಾಣಿವಿಲಾಸ ಸಾಗರವು 1933ರ ತರುವಾಯ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಹಿರಿಯೂರು ಸೀಮೆಯೆಲ್ಲ ಹಿಗ್ಗಿತು, ನಿಜ. ಆದರೆ ಜಲಾಶಯ ತುಂಬಿದ ಮಾತ್ರಕ್ಕೆ ಭೂಮಿಯಿಲ್ಲದವನ ಗಡಿಗೆ ತುಂಬೀತೇ? ನನ್ನ ಆಕ್ಷೇಪವಿರುವುದು ಇಂತಹ ಮಾತನ್ನು ಪ್ರಗತಿಯೆಂದು ಬಣ್ಣಿಸಿ ಇವರ ಕಿವಿಗೆ ಊದುವ ವಿದ್ಯಾವಂತರ ಮೇಲೆ.

ಪ್ಲಾಸ್ಮಾ ಎಂದರೆ ರಕ್ತದಿಂದ ಕಣಗಳನ್ನು ಬೇರ್ಪಡಿಸಿದಾಗ ಉಳಿಯುವ ಹಳದಿ ಬಣ್ಣದ ದ್ರವ. ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ. ಇದರಲ್ಲಿ ಬಹುಭಾಗ ನೀರು. ಉಳಿದ ಅಲ್ಪಭಾಗದಲ್ಲಿ ರೋಗನಿರೋಧಕ ಅಂಶಗಳೂ ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳೂ ಅಡಗಿವೆ. ಯಂತ್ರದ ಮೂಲಕ ಪ್ಲಾಸ್ಮಾವನ್ನಷ್ಟೇ ತೆಗೆದು ಕಣಗಳನ್ನು ಮರಳಿ ಮೈಗೆ ಸೇರಿಸಬಹುದಾದ್ದರಿಂದ ಇದನ್ನು ಪದೇಪದೇ ಕೊಡಲು ಸಾಧ್ಯ. ವ್ಯಾಪಾರಿಯ ಕಣ್ಣು ಬಿದ್ದುದು ಈ "ಪದೇಪದೇ" ಎಂಬುದರ ಮೇಲೆಯೇ. ಜಗತ್ತಿನಲ್ಲಿ ಔಷಧಕ್ಕಾಗಿ ಸಂಗ್ರಹವಾಗುವ ಪ್ಲಾಸ್ಮಾದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಮೆರಿಕೆಯಿಂದ ಬರುತ್ತದೆ. ಅದನ್ನು ಕೊಡುವವರು ಯಾರೆಂದು ವಿಚಾರಿಸಿದರೆ ಬಾಡಿಗೆ ಕಟ್ಟಲಾಗದವರು, ಸಾಲದಲ್ಲಿ ಸಿಲುಕಿದ ವಿದ್ಯಾರ್ಥಿಗಳು, ಬಡಾವಣೆಯ ಬಡವರು. ಅಲ್ಲಿಯೂ ಅದನ್ನು "ದಾನ"ವೆಂದೇ ಕರೆಯುತ್ತಾರೆ! ಕೂಲಿಗೆ ದಾನವೆಂದು ಹೆಸರಿಟ್ಟರೆ ಕೂಲಿಯ ಮಾನವೂ ಹೋಯಿತು, ದಾನದ ಮಾನವೂ ಹೋಯಿತು.

ನಮ್ಮ ದೇಶದಲ್ಲಿ ಈ ದಾರಿ ಮುಚ್ಚಿರುವುದು ಆಕಸ್ಮಿಕವಲ್ಲ. ಆಸ್ಪತ್ರೆಗಳ ಸುತ್ತ ಸುಳಿದಾಡುತ್ತ ರಕ್ತ ಮಾರಿಯೇ ಹೊಟ್ಟೆ ಹೊರೆಯುವವರೂ ಅವರ ಸಂಪಾದನೆಯಲ್ಲಿ ಪಾಲು ಕೀಳುವ ದಲ್ಲಾಳಿಗಳೂ ಇದ್ದ ಕಾಲವನ್ನು ನಮ್ಮಲ್ಲಿ ವಯಸ್ಸಾದವರು ಮರೆತಿಲ್ಲ. 1996ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಎರಡು ವರ್ಷಗಳೊಳಗೆ ವೃತ್ತಿಪರ ರಕ್ತದಾನ ಪೂರ್ತಿ ನಿಲ್ಲಬೇಕೆಂದು ಆಜ್ಞಾಪಿಸಿತು. ಆದರೂ 2020ರ ಜುಲೈ ತಿಂಗಳಿನಲ್ಲಿ, ಕೋವಿಡ್‌ನಿಂದ ಗುಣಹೊಂದಿ ಪ್ಲಾಸ್ಮಾ ನೀಡಲು ಬರುವವರಿಗೆ 5,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ನಮ್ಮ ರಾಜ್ಯ ಸರ್ಕಾರವೇ ಸಾರಿತು. ಸಂಕಟದ ಕಾಲ, ಉದ್ದೇಶ ಒಳ್ಳೆಯದು ಎನ್ನಬಹುದು. ಆದರೆ ಆದದ್ದೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಈ ಚಿಕಿತ್ಸೆಯಿಂದ ರೋಗ ಉಲ್ಬಣಿಸುವುದಾಗಲಿ ಸಾವಾಗಲಿ ತಗ್ಗಲಿಲ್ಲವೆಂದು ಅದೇ ವರ್ಷ ತಿಳಿದುಬಂತು. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಕ್ರಮದಿಂದಲೇ ಕೈಬಿಡಲಾಯಿತು. ಬೆಲೆಯ ಮಾತು ಮಾತ್ರ ಜನರ ನೆನಪಿನಲ್ಲಿ ಉಳಿದುಕೊಂಡಿತು.

ಚೀನಾ ದೇಶದ ಹೆನಾನ್ ಪ್ರಾಂತ್ಯದ ಕಥೆಯನ್ನು ನಮ್ಮ ರೈತರು ಕೇಳಲೇಬೇಕು. 1990ರ ದಶಕದಲ್ಲಿ ಅಲ್ಲಿನ ಹಳ್ಳಿಹಳ್ಳಿಗಳಲ್ಲಿ ಪ್ಲಾಸ್ಮಾ ಕೊಳ್ಳುವ ಕೇಂದ್ರಗಳು ತೆರೆದವು. ತೆರಿಗೆ ಕಟ್ಟಲು, ಮನೆ ಕಟ್ಟಲು, ಮಕ್ಕಳನ್ನು ಓದಿಸಲು ರೈತರು ತೋಳು ಚಾಚಿದರು. ಹಲವರ ರಕ್ತವನ್ನು ಒಟ್ಟಿಗೆ ಸುರಿದು, ಪ್ಲಾಸ್ಮಾ ತೆಗೆದು, ಉಳಿದ ಕಣಗಳನ್ನು ಮತ್ತೆ ಅವರವರ ಮೈಗೆ ಏರಿಸಿದರು. ಒಬ್ಬನಲ್ಲಿದ್ದ ಏಡ್ಸ್ ರೋಗಾಣು ಹೀಗೆ ಊರಿಗೆ ಊರನ್ನೇ ಹೊಕ್ಕಿತು. ಸತ್ಯವನ್ನು ಹೊರಗೆಡಹಿದ ವೃದ್ಧ ವೈದ್ಯೆ ಗಾವೊ ಯಾವೊಜಿಯೆ ತಾಯ್ನಾಡು ತೊರೆದು, 2023ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಆ ರೈತರು ಮೂರ್ಖರಾಗಿರಲಿಲ್ಲ. ನಮ್ಮ ಹಾಗೆಯೇ ಮಳೆಯನ್ನೂ ಸಾಲವನ್ನೂ ನೋಡಿ ಬದುಕಿದವರು.

ಹಣ ಪಡೆದು ಕೊಟ್ಟ ರಕ್ತದಿಂದ ಪಡೆದವನಿಗೂ ಕೇಡಾಗಿದೆ. ಹಣ ಬೇಕಾದವನು ತನ್ನ ರೋಗವನ್ನು ಮುಚ್ಚಿಡುತ್ತಾನೆ. ಮುಚ್ಚಿಡದಿದ್ದರೆ ಅವನಿಗೆ ಹಣವಿಲ್ಲ. ಬ್ರಿಟನ್ನಿನಲ್ಲಿ 1970 ಮತ್ತು 80ರ ದಶಕಗಳಲ್ಲಿ ಕಲುಷಿತ ರಕ್ತದಿಂದಲೂ ರಕ್ತೋತ್ಪನ್ನಗಳಿಂದಲೂ 30,000ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತೆಂದು 2024ರಲ್ಲಿ ವಿಚಾರಣಾ ಆಯೋಗ ವರದಿಯಿತ್ತಿತು. ಹಣ ತೆತ್ತು ಸಂಗ್ರಹಿಸಿದ ಅಮೆರಿಕೆಯ ಪ್ಲಾಸ್ಮಾದಿಂದ ತಯಾರಾದ ಔಷಧಕ್ಕೆ ಅದರಲ್ಲಿ ದೊಡ್ಡ ಪಾತ್ರವಿತ್ತು. ಹೆಚ್ಚಾಗಿ ಬಲಿಯಾದವರಲ್ಲಿ ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾ ಪೀಡಿತರು ಸೇರಿದ್ದರು. ಅಂತಹವರಿಗಾಗಿ ದುಡಿಯುವ ಸಂಸ್ಥೆ ನಮ್ಮ ನೆರೆಯ ದಾವಣಗೆರೆಯಲ್ಲಿಯೇ ಇದೆ.

ಇಂದಿನ ಔಷಧಗಳು ಶುದ್ಧಗೊಂಡು ಬರುತ್ತವೆ, ಹಳೆಯ ಭಯ ಹೇಳಬೇಡಿ ಎಂದು ಬಲ್ಲವರು ಆಕ್ಷೇಪಿಸಬಹುದು. ಒಪ್ಪಿದೆ. ಔಷಧ ಶುದ್ಧವಾಯಿತು, ಕೊಟ್ಟವನ ಗತಿ ಏನು? ಮೇಲಿಂದ ಮೇಲೆ ಕೊಟ್ಟರೆ ಮೈಯ ರೋಗನಿರೋಧಕ ಅಂಶ ತಗ್ಗುತ್ತದೆ. ಮೂರು ಹೊತ್ತು ಹಾಲುಮೊಸರು ಉಣ್ಣುವವನು ಅದನ್ನು ತುಂಬಿಕೊಂಡಾನು. ಮುದ್ದೆ, ತಿಳಿಸಾರಿನ ಮೇಲೆ ದಿನ ದೂಡುವವನು ಎಲ್ಲಿಂದ ತುಂಬಿಕೊಳ್ಳಬೇಕು?

"ಬೆವರು ಮಾರಬಹುದು, ರಕ್ತವೇಕಾಗದು? ಅದೂ ಒಂದು ಕಾಯಕವಲ್ಲವೇ?" ಎಂಬ ಪ್ರಶ್ನೆಯೂ ಬಂದೀತು. ಬಹು ಜಾಣತನದ ಪ್ರಶ್ನೆ! ಕಾಯಕದಲ್ಲಿ ಕೈಯುಂಟು, ಬುದ್ಧಿಯುಂಟು, ಕಲಿಕೆಯುಂಟು. ನೇಕಾರ ಹತ್ತು ವರ್ಷ ನೇಯ್ದರೆ ಅವನ ಕೈ ಪಳಗುತ್ತದೆ. ಕೂಲಿ ಹೆಚ್ಚಿಸಿರೆಂದು ಕೇಳಲು ಅವನಿಗೆ ಬಾಯಿ ಬರುತ್ತದೆ. ಹತ್ತು ವರ್ಷ ಪ್ಲಾಸ್ಮಾ ಮಾರಿದವನು ಕಲಿತದ್ದೇನು? ಮಲಗುವುದನ್ನು. ಅಷ್ಟೇ ಅಲ್ಲ, ಅಂತಹ ಆದಾಯ ಊರಿಗೆ ಬಂದ ಮರುದಿನವೇ ತೋಟದ ಒಡೆಯನು ಕೂಲಿ ಏರಿಸಲು ಮೀನಮೇಷ ಎಣಿಸುತ್ತಾನೆ. ಸಾಲ ಕೊಟ್ಟವನು "ತೋಳು ಗಟ್ಟಿಯಾಗಿದೆಯಲ್ಲ, ಹೋಗಿ ಕೊಟ್ಟು ಬಾ" ಎನ್ನುತ್ತಾನೆ.

ಒಂದು ಮಾತನ್ನು ಮುಚ್ಚಿಡಬಾರದು. ಬಡವನು ಮಾರಬಾರದೆನ್ನುವ ನಾವು, ಸ್ಥಿತಿವಂತರು, ಬಿಟ್ಟಿಯಾಗಿಯಾದರೂ ಕೊಡುತ್ತೇವೆಯೇ? ಶಿಬಿರದ ದಿನ ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವವರ ತೋಳಿಗೆ ಸೂಜಿ ತಾಗುವುದು ಅಪರೂಪ. ಹದಿನೆಂಟು ದಾಟಿದ ಆರೋಗ್ಯವಂತ ಪುರುಷನು ಮೂರು ತಿಂಗಳಿಗೊಮ್ಮೆ, ಸ್ತ್ರೀಯು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಆ ಒಂದು ಚೀಲದಿಂದಲೇ ಪ್ಲಾಸ್ಮಾವನ್ನೂ ಬೇರ್ಪಡಿಸುತ್ತಾರೆ. ಮುಂದಿನ ಶಿಬಿರ ಬಬ್ಬೂರಿನಲ್ಲಿಯೇ ನಡೆಯಲಿ. ಮೊದಲ ಮಂಚದ ಮೇಲೆ ತೋಟದ ಒಡೆಯರೂ ಅಂಗಡಿಯ ಯಜಮಾನರೂ ಈ ಲೇಖಕನೂ ಮಲಗಲಿ. ಆ ನಾಲ್ವರು ತರುಣರಿಗೆ ಬಾಕಿಯಿರುವ ಕೂಲಿಯನ್ನು ಅದಕ್ಕೆ ಮೊದಲೇ ಎಣಿಸಿ ಕೊಡತಕ್ಕದ್ದು.