ಪರದೇಶದಲ್ಲಿ ಚಿತ್ರೀಕರಣ: ಗುಮಾಸ್ತರನ್ನೂ ಅಡುಗೆಯವರನ್ನೂ ಮೊದಲು ಕೇಳಿರಿ

ಪರದೇಶದಲ್ಲಿ ಚಿತ್ರೀಕರಣವೆಂದೊಡನೆ ನಮ್ಮ ನಿರ್ಮಾಪಕರು ಮೊದಲು ವಿಚಾರಿಸುವುದು ನಾಯಕ ನಾಯಕಿಯರ ಬಿಡುವನ್ನು. ಬಳಿಕ ವಿಮಾನದ ದರವನ್ನು. ಕಟ್ಟಕಡೆಗೆ, ಅದೂ ನೆನಪಾದರೆ, ಜತೆಗೆ ಬರುವ ಮೂವತ್ತು ಜನರ ಊಟವನ್ನು. ಈ ಕ್ರಮ ತಲೆಕೆಳಗಾಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಸಿನಿಮಾ ನಮ್ಮ ಕಸುಬಲ್ಲ, ನಿಜ. ಆದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತವನಿಗೆ ಜನರ ಹೊಟ್ಟೆ, ಸಾಮಾನಿನ ಪಟ್ಟಿ, ಕೈಯಲ್ಲಿರುವ ರೊಕ್ಕ, ಈ ಮೂರರ ಸಂಬಂಧವನ್ನು ಯಾರೂ ಕಲಿಸಬೇಕಾಗಿಲ್ಲ.

ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದೇಶವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಒಟ್ಟು 316 ಚದರ ಕಿಲೋಮೀಟರಿನ ಪುಟ್ಟ ದ್ವೀಪರಾಜ್ಯ. 'ಗ್ಲಾಡಿಯೇಟರ್' (2000), 'ಟ್ರಾಯ್' (2004) ಚಿತ್ರಗಳ ಭಾಗಗಳು ಅಲ್ಲಿ ತಯಾರಾದವು. ನಮ್ಮ ಮುಂಬಯಿಯ 'ಥಗ್ಸ್ ಆಫ್ ಹಿಂದೂಸ್ತಾನ್' (2018) ಚಿತ್ರದ ಹಡಗುಗಳೂ ಅಲ್ಲಿಯ ನೀರಿನ ಮೇಲೆ ತೇಲಿದವು. ಕಾಲ್ಕಾರಾದಲ್ಲಿ ಸಮುದ್ರದ ಅಂಚಿಗೇ ಕಟ್ಟಿದ ದೊಡ್ಡ ನೀರಿನ ತೊಟ್ಟಿಗಳಿವೆ. ತೊಟ್ಟಿಯ ನೀರೂ ಹಿಂದಿನ ಕಡಲೂ ಕ್ಯಾಮೆರಾದ ಕಣ್ಣಿಗೆ ಒಂದೇ ಆಗಿ ಕಾಣುತ್ತವೆ. ಇಂಗ್ಲಿಷ್ ಅಲ್ಲಿ ರಾಜ್ಯಭಾಷೆಗಳಲ್ಲೊಂದು, ವಾಹನಗಳು ನಮ್ಮಂತೆಯೇ ಎಡಬದಿಯಲ್ಲಿ ಓಡುತ್ತವೆ. ಇದೆಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಮಾಡಿದ ಅರ್ಹ ಖರ್ಚಿನಲ್ಲಿ ಶೇಕಡಾ 40ರವರೆಗೆ ಸರಕಾರವೇ ಹಿಂದಿರುಗಿಸುವ ಯೋಜನೆಯುಂಟು.

ಈ ಕೊನೆಯ ಮಾತನ್ನು ಕೇಳಿ ಬಾಯಲ್ಲಿ ನೀರೂರುವುದು ಸಹಜ. ಆದರೆ ಆ ಹಣ ಮುಂಗಡವಲ್ಲ. ಚಿತ್ರೀಕರಣಕ್ಕೆ ಮೊದಲೇ ಅರ್ಜಿ ಹಾಕಬೇಕು. ಎಲ್ಲವೂ ಮುಗಿದು, ರಸೀತಿಗಳೆಲ್ಲ ಲೆಕ್ಕಪರಿಶೋಧಕರ ಕೈದಾಟಿದ ಮೇಲೆ ಹಣ ಬರುತ್ತದೆ. ಅಷ್ಟು ತಿಂಗಳೂ ಸಾಲಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ಬರಲಿರುವ ಶೇಕಡಾ 40ನ್ನು ಬಂದದ್ದೆಂದೇ ಜಮಾಕ್ಕೆ ಬರೆದುಕೊಂಡು ಹೊರಡುವ ನಿರ್ಮಾಪಕನನ್ನು ನಮ್ಮ ಯಾವ ಗುಮಾಸ್ತನೂ ತಡೆದು ನಿಲ್ಲಿಸಿಯಾನು.

ಗುಮಾಸ್ತನ ನಿಜವಾದ ಪರೀಕ್ಷೆ ಸಾಮಾನಿನ ಪಟ್ಟಿಯಲ್ಲಿದೆ. ಕ್ಯಾಮೆರಾ, ಮಸೂರ, ದೀಪಗಳನ್ನು ಸುಂಕ ಕೊಡದೆ ಒಯ್ದು ಮರಳಿ ತರುವುದಕ್ಕೆ ಎಟಿಎ ಕಾರ್ನೆಟ್ ಎಂಬ ದಾಖಲೆ ಬೇಕು. ಭಾರತದಲ್ಲಿ ಅದನ್ನು ಕೊಡುವ ಸಂಸ್ಥೆ ಫಿಕ್ಕಿ; ಅವಧಿ ಒಂದು ವರ್ಷ. ಪ್ರತಿಯೊಂದು ವಸ್ತುವಿನ ವಿವರ, ಸಂಖ್ಯೆ, ತೂಕ, ಬೆಲೆ, ತಯಾರಾದ ದೇಶ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಭಾರತದಿಂದ ಹೊರಡುವಾಗ ಒಂದು ಮುದ್ರೆ, ಐರೋಪ್ಯ ಒಕ್ಕೂಟ ಹೊಗುವಾಗ ಒಂದು, ಅಲ್ಲಿಂದ ಬಿಡುವಾಗ ಒಂದು, ಮರಳಿ ಬಂದಾಗ ಇನ್ನೊಂದು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಒಂದು ಮುದ್ರೆ ತಪ್ಪಿಸಿ ಬಂದರೆ, ಸಾಮಾನು ಅಲ್ಲೇ ಉಳಿಯಿತೆಂದು ಸುಂಕವನ್ನು ಕೇಳುವ ಹಕ್ಕು ಆ ದೇಶಕ್ಕುಂಟು. ಈ ಕೆಲಸಕ್ಕೆ ನಾಯಕನ ಭಾವಮೈದುನನನ್ನು ನೇಮಿಸಬಾರದು.

ಸ್ಥಳವನ್ನು ಚಿತ್ರಪಟ ನೋಡಿ ಆರಿಸುವುದೂ ಸಲ್ಲದು. ಗೋಜೋ ದ್ವೀಪದ ದ್ವೇಯ್ರಾದಲ್ಲಿದ್ದ ಪ್ರಖ್ಯಾತ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಯಲ್ಲಿ ಕಡಲಿಗೆ ಕುಸಿಯಿತು. ಹಳೆಯ ಪಟಗಳಲ್ಲಿ ಮಾತ್ರ ಇನ್ನೂ ನಿಂತಿದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲೂ ಪ್ರವಾಸಿಗಳ ದಟ್ಟಣೆಯೂ ಸೇರಿ ಕೋಣೆಗಳ ಬಾಡಿಗೆ ಏರುತ್ತದೆ. ಮೇ ತಿಂಗಳು ಎಲ್ಲ ವಿಧದಲ್ಲಿಯೂ ಲೇಸು. ಒಬ್ಬ ಮ್ಯಾನೇಜರರು ಮುಂಚಿತವಾಗಿ ನಾಲ್ಕು ದಿನ ಹೋಗಿ ನೋಡಿ ಬರುವ ಖರ್ಚು ಖರ್ಚೇ ಅಲ್ಲ.

ವೀಸಾದ ವಿಷಯ ಚಿಕ್ಕದು. ಷೆಂಗೆನ್ ವೀಸಾದ ಮೇಲೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅರ್ಜಿಯನ್ನು ಆರು ತಿಂಗಳು ಮೊದಲೇ ಕೊಡಬಹುದು. ತಲೆಗೆ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ಅಡುಗೆ ಭಟ್ಟರನ್ನು ಸಹಾಯಕ ನಿರ್ದೇಶಕರೆಂದು ಬರೆಯಿಸುವ ಜಾಣತನ ಬೇಡ. ಮಸೂರದ ಬಗ್ಗೆ ಒಂದು ಪ್ರಶ್ನೆ ಬಂದರೆ ಅವರು ಬಾಣಲೆಯ ಬಗ್ಗೆ ಉತ್ತರಿಸಿಯಾರು.

ಇನ್ನು ಊಟ. ಖರ್ಚು ಕಡಿಮೆ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಅಡುಗೆಯವರ ಟಿಕೆಟಿನ ಮೇಲೆ. ಇದು ಲೆಕ್ಕ ತಿಳಿಯದವರ ಮಿತವ್ಯಯ. ಮೂವತ್ತು ಜನ, ಹತ್ತು ದಿನ, ದಿನಕ್ಕೆ ಮೂರು ಹೊತ್ತು ಎಂದರೆ 900 ಎಲೆ. ಎಲೆಗೆ 15 ಯೂರೋ ಹಿಡಿದರೂ 13,500 ಯೂರೋ ಆಯಿತು. ಇಷ್ಟು ಸುರಿದೂ, ನಾಯಕರಿಗೆ ಮೇಜಿನ ಊಟ, ದೀಪ ಹೊರುವ ಹುಡುಗರಿಗೆ ತಣ್ಣನೆಯ ರೊಟ್ಟಿ ಎಂಬಂತಾಗುತ್ತದೆ. ಹಾಡಿನ ಒಂದು ಚರಣ ಕಡಿಮೆಯಾದರೆ ಪ್ರೇಕ್ಷಕನಿಗೆ ನಷ್ಟವಿಲ್ಲ. ಹೊಟ್ಟೆ ಹಸಿದ ಕೆಲಸಗಾರ ಏಣಿಯ ಮೇಲಿಂದ ಬಿದ್ದರೆ ಅವನ ಮನೆಯವರಿಗೆ ನಷ್ಟ.

ಆದ್ದರಿಂದ ಅಡುಗೆಮನೆಯುಳ್ಳ ಮನೆಯನ್ನೇ ಬಾಡಿಗೆಗೆ ಹಿಡಿಯಬೇಕು. ಹೋಟೆಲಿನ ಕೋಣೆಯಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಗಂಟೆ ಬಾರಿಸಿ ಇಡೀ ಕಟ್ಟಡ ಬೀದಿಗಿಳಿದೀತು. ಅಕ್ಕಿ, ಬೇಳೆ, ಸಾರಿನ ಪುಡಿಗಳ ಗೊಡವೆ ಅಷ್ಟಿಲ್ಲ. ಆದರೆ ತುಪ್ಪ, ಪೇಡೆ, ಮೊಸರು ಮುಂತಾದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಪ್ರಯಾಣಿಕರು ಇಲ್ಲಿಂದ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತಾಜಾ ಕರಿಬೇವಿಗೆ ಸಸ್ಯಾರೋಗ್ಯದ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ತೆಂಗಿನಕಾಯಿಗೂ ಬಾಳೆಹಣ್ಣಿಗೂ ಮಾತ್ರ, ಯಾರ ಪುಣ್ಯವೋ, ಆ ಪತ್ರದ ಅಗತ್ಯವಿಲ್ಲ. ಮಾಲ್ಟಾದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ನಲ್ಲಿಯ ನೀರಿನ ಬಹುಭಾಗ ಸಮುದ್ರದ ನೀರನ್ನು ಶುದ್ಧಿಮಾಡಿದ್ದು. ಕಾಫಿಗೆ ಬಾಟಲಿಯ ನೀರನ್ನೇ ಬಳಸತಕ್ಕದ್ದು. ಬಟಾಣಿ ತುಂಬಿದ ಪಸ್ತಿತ್ಸಿ ಎಂಬ ತಿಂಡಿ ಅಲ್ಲಿ ಅಗ್ಗವಾಗಿ ಸಿಗುತ್ತದೆ. ಸಸ್ಯಾಹಾರಿಗಳು ಅದರ ಹಿಟ್ಟಿಗೆ ಬಿದ್ದ ಕೊಬ್ಬು ಯಾವುದೆಂದು ಕೇಳಿಯೇ ಬಾಯಿಗಿಡಬೇಕು.

ಅಲ್ಲಿಯ ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿನ ಮೂರು ಕಡ್ಡಿಗಳು ಮಾತ್ರ ಚಪ್ಪಟೆ. ರುಬ್ಬುವ ಯಂತ್ರವನ್ನು ಒಯ್ಯುವವರು ಒಂದು ಪ್ಲಗ್ಗನ್ನು ಬದಲಿಸಿಕೊಂಡರೆ ಸಾಕು. ಅದನ್ನೂ ಕಾರ್ನೆಟ್ಟಿನ ಪಟ್ಟಿಗೆ ಸೇರಿಸಬಹುದೇ ಎಂದು ಹೊರಡುವ ಮೊದಲೇ ಗುಮಾಸ್ತರು ಫಿಕ್ಕಿಯವರನ್ನು ಕೇಳಿ ತಿಳಿದುಕೊಳ್ಳಲಿ.