ನರ್ಸ್ ಕೆಲಸ ಬಿಡುವುದೇಕೆ?

ಪಿಯುಸಿ ಫಲಿತಾಂಶ ಬಂದೊಡನೆ ಮಗಳನ್ನು ನರ್ಸಿಂಗ್‌ಗೆ ಸೇರಿಸಿದರೆ ಹೇಗೆಂಬ ಯೋಚನೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂಥ ಊರಿನಲ್ಲಿ ಸಹಜ. ರೇಷ್ಮೆಗೂಡಿನ ಧಾರಣೆಯ ಏರಿಳಿತವನ್ನೇ ನಂಬಿದ ಬಿಚ್ಚಾಣಿಕೆದಾರರ ಮನೆಗೆ ತಿಂಗಳ ಸಂಬಳವೆಂದರೆ ದೊಡ್ಡ ಆಸರೆ. ಬೆಂಗಳೂರಿನ ಆಸ್ಪತ್ರೆಗಳೂ ದೂರವಿಲ್ಲ. ಜಿ.ಎನ್.ಎಂ. ಓದು 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಸಾಲ ಮಾಡಿಯಾದರೂ ಓದಿಸುವವರಿದ್ದಾರೆ. ಆದರೆ ಹಾಗೆ ಓದಿ ಕೆಲಸಕ್ಕೆ ಸೇರಿದವರಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಬಿಡುವ ಮಾತಾಡುತ್ತಾರೆ. ಏಕೆ?

ರೋಗಿಯ ಆರೈಕೆ ಬೇಸರ ತಂದಿತೆಂದಲ್ಲ. ಮೊದಲ ಕಾರಣ ಕೆಲಸದ ಹೊರೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ, ಬೋಧಕ ಆಸ್ಪತ್ರೆಯಲ್ಲದ ಕಡೆ ಸಾಮಾನ್ಯ ವಾರ್ಡಿನಲ್ಲಿ 5 ಹಾಸಿಗೆಗೆ ಒಬ್ಬ ನರ್ಸ್ ಇರಬೇಕು. ಅಂದರೆ ಪ್ರತಿ ಪಾಳಿಯಲ್ಲಿ 15 ರೋಗಿಗಳಿಗೆ ಒಬ್ಬರು. ರಜೆ ಹಾಕಿದವರ ಬದಲಿಗೆಂದು ಶೇ 30ರಷ್ಟು ಹೆಚ್ಚುವರಿ. 30 ಹಾಸಿಗೆಯ ವಾರ್ಡಿಗೆ ಸುಮಾರು 8 ಮಂದಿ ಆಯಿತು. ಹುದ್ದೆ ಖಾಲಿ ಬಿದ್ದು ರಾತ್ರಿ ಒಬ್ಬರೇ ಉಳಿದರೆ? 12 ಗಂಟೆಯ ಪಾಳಿಯಲ್ಲಿ ಒಬ್ಬ ರೋಗಿಯ ಪಾಲಿಗೆ ಸಿಗುವುದು 24 ನಿಮಿಷ. ಇಂಜೆಕ್ಷನ್, ಡ್ರಿಪ್, ದಾಖಲೆ ಬರೆಯುವುದು, ಮನೆಯವರಿಗೆ ಸಮಾಧಾನ ಹೇಳುವುದು, ಎಲ್ಲವೂ ಅದರಲ್ಲೇ. ಒಬ್ಬರಿಗೆ ಉಸಿರು ಕಟ್ಟಿದರೆ ಉಳಿದ 29 ಮಂದಿ ಕಾಯಬೇಕು. ಎಲ್ಲಿ ತಪ್ಪಾಯಿತೋ ಎಂಬ ಅಳುಕು ಮನೆಗೂ ಬರುತ್ತದೆ.

ಎರಡನೆಯದು ಸಂಬಳ. ತರಬೇತಿ ಪಡೆದ ದಾದಿಯರ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳವಿರಲಿ, 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ 20,000 ರೂಪಾಯಿಗೆ ಇಳಿಯದಿರಲಿ ಎಂದು ಸಮಿತಿ ಶಿಫಾರಸು ಮಾಡಿತು. ಜಾರಿಯ ಹೊಣೆ ರಾಜ್ಯಗಳದ್ದು. ಕೇರಳ 2018ರಲ್ಲಿ ಕನಿಷ್ಠ 20,000 ರೂಪಾಯಿ ನಿಗದಿ ಮಾಡಿತು. ಅಲ್ಲಿ ಅದಕ್ಕೆ ಮುನ್ನ ದಾದಿಯರ ದೀರ್ಘ ಹೋರಾಟವಿತ್ತು.

ಮೂರನೆಯದು ಗುತ್ತಿಗೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ದುಡಿಯುವ ಕರ್ನಾಟಕದ ಗುತ್ತಿಗೆ ನೌಕರರು, ಅವರಲ್ಲಿ ನರ್ಸ್‌ಗಳೂ, 2020ರಲ್ಲಿ ಕೋವಿಡ್ ನಡುವೆಯೇ ಹಾಗೂ ಮತ್ತೆ 2023ರಲ್ಲಿ ಮುಷ್ಕರ ಹೂಡಿದ್ದರು. ಕಾಯಂ ನೌಕರರ ಪಕ್ಕದಲ್ಲೇ ಅದೇ ಕೆಲಸ, ಆದರೆ ಸಂಬಳ ಕಡಿಮೆ, ನಾಳೆಯ ಭರವಸೆ ಇಲ್ಲ.

ಇದರ ಮೇಲೆ ಮನೆಯ ಕಷ್ಟ. ಬೆಂಗಳೂರಿನಲ್ಲಿ ರಾತ್ರಿ 8ಕ್ಕೆ ಪಾಳಿ ಮುಗಿಸಿದವಳು ದೇವನಹಳ್ಳಿ ಹಾದು ವಿಜಯಪುರ ಮುಟ್ಟುವ ಹೊತ್ತಿಗೆ ಅಂಗಡಿ ಬಾಗಿಲು ಮುಚ್ಚಿರುತ್ತವೆ. ಮಗುವಾದ ಮೇಲೆ ಈ ಓಡಾಟವೇ ರಾಜೀನಾಮೆಗೆ ಕಾರಣವಾಗಬಹುದು. ಅವಕಾಶ ಸಿಕ್ಕವರು ಕೊಲ್ಲಿ ದೇಶಗಳಿಗೋ ಬ್ರಿಟನ್ನಿಗೋ ಹೊರಡುತ್ತಾರೆ.

ಹಾಗೆಂದು ನರ್ಸಿಂಗ್ ಬೇಡವೆನ್ನಬೇಕಿಲ್ಲ, ವಿಚಾರಿಸಿ ಸೇರಬೇಕು. ಕಾಲೇಜಿಗೆ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ? ತರಬೇತಿಗೆ ರೋಗಿಗಳಿರುವ ಆಸ್ಪತ್ರೆ ಇದೆಯೇ? ಕೆಲಸಕ್ಕೆ ಸೇರುವಾಗ ರಾತ್ರಿ ಒಂದು ವಾರ್ಡಿಗೆ ಎಷ್ಟು ಮಂದಿ, ಹಾಸ್ಟೆಲ್ ಉಂಟೇ, ಇಂತಿಷ್ಟು ವರ್ಷ ಬಿಡುವಂತಿಲ್ಲವೆಂಬ ಬಾಂಡ್ ಇದೆಯೇ ಎಂದು ಕೇಳಬೇಕು. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಬಾರದು. 2011ರಲ್ಲಿ ಮುಂಬೈ, ಕೇರಳದ ದಾದಿಯರು ಬೀದಿಗಿಳಿದಾಗ ಬಾಂಡ್ ಮತ್ತು ಪ್ರಮಾಣಪತ್ರದ ವಿಷಯ ಅವರ ದೂರುಗಳಲ್ಲಿ ಸೇರಿತ್ತು.

ಈ ಪ್ರಶ್ನೆಗಳಿಗೆ ಉತ್ತರ ಪಡೆದ ಮೇಲೆ ಸಾಲದ ಅರ್ಜಿಗೆ ಸಹಿ ಹಾಕುವುದು ಲೇಸು.