ಗುಡ್ಡ ಸಿಡಿಸಲು ಸರ್ಟಿಫಿಕೇಟು, ಕಾಡು ಬೆಳೆಸಲು ಗುತ್ತಿಗೆ

ಅರಣ್ಯಶಾಸ್ತ್ರದ ವಿದ್ಯಾರ್ಥಿಗಳು ಬೀದಿಗಿಳಿದಾಗಲೆಲ್ಲ ನಮ್ಮ ಕಿವಿಗೆ ಬೀಳುವುದು ಶೇಕಡಾವಾರು ಲೆಕ್ಕ. ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ ಹುದ್ದೆಗಳ ನೇರ ನೇಮಕಾತಿಯಲ್ಲಿ ಬಿ.ಎಸ್ಸಿ. ಅರಣ್ಯಶಾಸ್ತ್ರ ಓದಿದವರಿಗೆ ಶೇ 75ರಷ್ಟಿದ್ದ ಪಾಲನ್ನು ಸರ್ಕಾರ ಶೇ 50ಕ್ಕೆ ಇಳಿಸಿತು. ಶಿರಸಿ, ಪೊನ್ನಂಪೇಟೆಯ ಕಾಲೇಜುಗಳಲ್ಲಿ ತರಗತಿ ಬಹಿಷ್ಕಾರ, ಧರಣಿ, ಮನವಿಪತ್ರ ಎಲ್ಲ ಆದವು. ನೂರಕ್ಕೆ ನೂರೂ ನಮಗೇ ಕೊಡಿ ಎಂದು ಅವರು ಕೇಳಿದರು. ನಾವೇನು ಪಾಪ ಮಾಡಿದ್ದೇವೆ ಎನ್ನುವುದು ಉಳಿದ ವಿಜ್ಞಾನ ಪದವೀಧರರ ಪ್ರಶ್ನೆ.

ನನ್ನ ಮತ ವಿದ್ಯಾರ್ಥಿಗಳ ಕಡೆಗೇ. ಬೀಜ, ಮಣ್ಣು, ಕಾಳ್ಗಿಚ್ಚು, ಕೀಟ, ಮರದ ಅಳತೆ, ಅರಣ್ಯ ಕಾನೂನು ಇವನ್ನೇ ನಾಲ್ಕು ವರ್ಷ ಓದಿದವರನ್ನು ಹೊರಗೆ ನಿಲ್ಲಿಸಿ, ಬೇರೆಯವರಿಗೆ ಹದಿನೆಂಟು ತಿಂಗಳ ತರಬೇತಿಯಲ್ಲಿ ಕಲಿಸಿಕೊಡುತ್ತೇವೆ ಎನ್ನುವ ಸರ್ಕಾರ, ಇದೇ ನ್ಯಾಯವನ್ನು ಪಶುವೈದ್ಯರ ನೇಮಕಾತಿಗೆ ಅನ್ವಯಿಸಿ ನೋಡಲಿ. ಭಾರತೀಯ ಅರಣ್ಯ ಸೇವೆಗೆ (ಐಎಫ್‌ಎಸ್) ಎಂಜಿನಿಯರುಗಳೂ ಬರುತ್ತಾರಲ್ಲ ಎನ್ನುವವರಿದ್ದಾರೆ. ಬರುತ್ತಾರೆ, ಒಳ್ಳೆಯ ಕೆಲಸವನ್ನೂ ಮಾಡುತ್ತಾರೆ. ಆದರೆ ದಿನಬೆಳಗಾದರೆ ನೆಡುತೋಪಿನಲ್ಲಿ ನಿಂತು ಯಾವ ಸಸಿ ಯಾಕೆ ಸತ್ತಿತು ಎಂದು ಹೇಳಬೇಕಾದವರು ಮೇಲಧಿಕಾರಿ ಡಿಸಿಎಫ್ ಅಲ್ಲ, ಆರ್‌ಎಫ್‌ಒ.

ಇಷ್ಟು ಹೇಳಿದ ಮೇಲೂ, ಬಳ್ಳಾರಿಯಲ್ಲಿ ಕೂತು ನೋಡಿದರೆ ಈ ಜಗಳ ತೀರ ಸಣ್ಣದು. ಐವತ್ತೋ ನೂರೋ, ಖಾಕಿ ಹುದ್ದೆಗಳು ಬೆರಳೆಣಿಕೆಯವು, ಅದೂ ಸರ್ಕಾರಕ್ಕೆ ಮನಸ್ಸು ಬಂದಾಗ ಕರೆಯುವಂಥವು. ಇಲ್ಲಿನ ಪಾರ್ವತಿನಗರದಂಥ ಬಡಾವಣೆಯಲ್ಲಿ ಪಿಯು ಮುಗಿಸಿದ ಹುಡುಗಿ ಸಿಇಟಿ ಆಪ್ಷನ್ ತುಂಬಲು ಕೂತಾಗ ಮೆಡಿಕಲ್, ಎಂಜಿನಿಯರಿಂಗ್, ತಪ್ಪಿದರೆ ಅಗ್ರಿ ಎಂಬ ಸಾಲು ಮನೆಯವರ ಬಾಯಲ್ಲೇ ಇರುತ್ತದೆ. ಫಾರೆಸ್ಟ್ರಿ ಎಂದರೆ 'ಗಾರ್ಡ್ ಆಗ್ತೀಯೇನು?' ಎಂಬ ನಗು. ಆ ನಗುವಿಗೆ ಮನೆಯವರನ್ನು ಬೈದು ಫಲವಿಲ್ಲ. ಆ ಪದವಿಗೆ ಇಲಾಖೆಯ ಬಾಗಿಲೊಂದನ್ನು ಬಿಟ್ಟು ಬೇರೆ ಬಾಗಿಲನ್ನು ನಾವು ಇಟ್ಟೇ ಇಲ್ಲ. ವೈದ್ಯರಿಗೆ, ವಕೀಲರಿಗೆ, ವಾಸ್ತುಶಿಲ್ಪಿಗಳಿಗೆ ಇರುವಂಥ ನೋಂದಣಿ ಪರಿಷತ್ತು ಇವರಿಗಿಲ್ಲ. ಇವರ ಸಹಿ ಇಲ್ಲದೆ ನಡೆಯದ ಕೆಲಸ ಎಂಬುದೂ ಇಲ್ಲ.

ಈ ಕೊರತೆಯ ಬೆಲೆ ಏನೆಂದು ತಿಳಿಯಲು ನಮ್ಮ ಜಿಲ್ಲೆಯ ಗಣಿನಾಡು ಸಂಡೂರಿಗೆ ಹೋದರೆ ಸಾಕು. 1952ರ ಗಣಿ ಕಾಯ್ದೆಯ ಪ್ರಕಾರ ಗಣಿಗೆ ನಿಗದಿತ ಅರ್ಹತೆಯ ಮ್ಯಾನೇಜರ್ ಇರಲೇಬೇಕು. ಬಂಡೆಗೆ ಮದ್ದಿಡುವವನ ಬಳಿಯೂ ಬ್ಲಾಸ್ಟರ್ ಸರ್ಟಿಫಿಕೇಟು ಇರಬೇಕು. ಅದೇ ಗುಡ್ಡವನ್ನು ಮತ್ತೆ ಹಸಿರು ಮಾಡುವವನಿಗೆ ಯಾವ ಸರ್ಟಿಫಿಕೇಟೂ ಬೇಡ; ಟೆಂಡರ್ ಹಿಡಿದರೆ ಆಯಿತು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದದ್ದು 2011ರ ಜುಲೈನಲ್ಲಿ. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ವರದಿಯ ಹಿಂದಿನ ತನಿಖಾ ತಂಡದ ಮುಂದಾಳು ಯು.ವಿ. ಸಿಂಗ್ ಅರಣ್ಯ ಸೇವೆಯವರು. ಬೇಲೆಕೇರಿ ಬಂದರಿನಲ್ಲಿ ಅಕ್ರಮ ಅದಿರು ಜಪ್ತಿ ಮಾಡಿದ ಆರ್. ಗೋಕುಲ್ ಕೂಡ ಅರಣ್ಯ ಸೇವೆಯವರೇ. ಗಡಿಕಲ್ಲು, ನಕ್ಷೆ, ಸಾಗಣೆ ರಹದಾರಿ ಓದಲು ಬಲ್ಲವರು ಇದ್ದುದರಿಂದ ಕಳವು ಬಯಲಾಯಿತು. ಕಳವು ಹಿಡಿಯುವ ಮಟ್ಟಿಗೆ ಅರಣ್ಯ ವಿದ್ಯೆಯನ್ನು ಗೌರವಿಸಿದ ನಾವು, ಕಳೆದದ್ದನ್ನು ಕಟ್ಟುವ ಸರದಿ ಬಂದಾಗ ಅದನ್ನು ಮರೆತೆವು.

ಗಣಿಗಳ ಪುನಶ್ಚೇತನ ಯೋಜನೆಗಳನ್ನು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮಂಡಳಿ ಐಸಿಎಫ್‌ಆರ್‌ಇಯ ತಜ್ಞರು ರೂಪಿಸಿದರು ನಿಜ. ಜಾರಿ ಮಾಡುವುದು ಮಾತ್ರ ಗುತ್ತಿಗೆದಾರ ಕಂಪನಿಗಳ ಪಾಲಿನದು. ವೇಸ್ಟ್ ಡಂಪಿನ ಇಳಿಜಾರಿಗೆ ನಾರಿನ ಚಾಪೆ ಹಾಸಿ ಸಸಿ ನೆಟ್ಟರೆ ಫೋಟೊಗೆ ಹಸಿರೇನೋ ಸಿಗುತ್ತದೆ. ಮಳೆ ಕಡಿಮೆಯ ಈ ಸೀಮೆಯಲ್ಲಿ, ಮೇಲ್ಮಣ್ಣೇ ಇಲ್ಲದ ಕೆಂಪು ರಾಶಿಯ ಮೇಲೆ ಕಮರ ಬೇರು ಬಿಡುತ್ತದೆಯೋ ದಿಂಡಿಗವೋ, ಅದಕ್ಕೆ ಮೊದಲು ಯಾವ ಹುಲ್ಲು ಹಿಡಿಯಬೇಕು ಎಂಬುದು ಗುತ್ತಿಗೆದಾರನ ಪ್ರಶ್ನೆಯಲ್ಲ. ಒಣಸೀಮೆಯನ್ನು ಹಸಿರು ಮಾಡಲೆಂದು ಹಿಂದಿನವರು ಅಮೆರಿಕ ಖಂಡದ ಮುಳ್ಳುಮರವೊಂದನ್ನು ತಂದರು. ಬಳ್ಳಾರಿ ಜಾಲಿಯಾಗಿ ಅದು ಕೆರೆಯಂಗಳ, ಗೋಮಾಳ, ಹಳ್ಳದ ದಂಡೆಯನ್ನೆಲ್ಲ ನುಂಗಿತು. ಹಸಿರಾದರೆ ಸಾಕು ಎಂಬ ಅವಸರಕ್ಕೆ ನಮ್ಮ ಜಿಲ್ಲೆಗಿಂತ ಹೆಚ್ಚು ದಂಡ ತೆತ್ತವರು ಯಾರು?

2024ರಲ್ಲಿ ಸಂಡೂರಿನ ದೇವದಾರಿ ಗುಡ್ಡದಲ್ಲಿ ಕೇಂದ್ರ ಸರ್ಕಾರಿ ಕಂಪನಿ ಕೆಐಒಸಿಎಲ್‌ನ ಉದ್ದೇಶಿತ ಗಣಿ ಸುದ್ದಿಯಾಯಿತು. ಕೇಂದ್ರ ಉಕ್ಕು ಸಚಿವ ಕುಮಾರಸ್ವಾಮಿ ಕಡತಕ್ಕೆ ಸಹಿ ಹಾಕಿದರು, ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದರು. ಸುಮಾರು 401 ಹೆಕ್ಟೇರ್ ಅರಣ್ಯ, ಕಡಿಯಬೇಕಾದ ಮರ 99,330. ಎರಡೂ ಕಡೆಯವರು ಈ ಸಂಖ್ಯೆಯನ್ನು ಹಿಡಿದೇ ವಾದಿಸಿದರು. ಬದಲಿ ಅರಣ್ಯ ಬೆಳೆಸುತ್ತೇವೆ ಎಂಬ ಮಾಮೂಲಿ ಸಮಾಧಾನವೂ ಬಂತು. ಬೆಳೆಸುವವರು ಯಾರು, ಹತ್ತು ವರ್ಷದ ಬಳಿಕ ಬದುಕುಳಿದದ್ದನ್ನು ಎಣಿಸಿ ಸಹಿ ಹಾಕುವವರು ಯಾರು, ಸುಳ್ಳು ಲೆಕ್ಕ ಕೊಟ್ಟರೆ ಯಾರ ನೋಂದಣಿ ರದ್ದಾಗುತ್ತದೆ? ಈ ಪ್ರಶ್ನೆಗಳು ಎದ್ದದ್ದು ನನಗಂತೂ ಕಾಣಲಿಲ್ಲ.

ಗಣಿ ಕಾಡಿನ ಮಾತಷ್ಟೇ ಅಲ್ಲ. ಸಿರುಗುಪ್ಪ, ಕುರುಗೋಡಿನ ರೈತರಿಗೆ ಶ್ರೀಗಂಧ ಹಾಕಿ, ಹೆಬ್ಬೇವು ಹಾಕಿ, ಕೋಟಿ ಎಣಿಸಿ ಎಂದು ಹೇಳುವವನೂ ಸಸಿ ಮಾರುವವನೂ ಹೆಚ್ಚಾಗಿ ಒಬ್ಬನೇ. ಶ್ರೀಗಂಧ ಅರೆ ಪರಾವಲಂಬಿ, ಪಕ್ಕದಲ್ಲಿ ಆಸರೆ ಗಿಡವಿಲ್ಲದೆ ಅದು ಏಳಿಗೆಯಾಗದು. ಕಾಲುವೆ ನೀರು ನಿಂತು ಸವುಳಾದ ಹೊಲದಲ್ಲಿ ಅದನ್ನು ನೆಡುವುದು ದುಡ್ಡನ್ನು ಕೆಸರಿಗೆ ಹಾಕಿದಂತೆ. ಹೋಬಳಿಗೊಬ್ಬ ಕೃಷಿ ಅಧಿಕಾರಿ ಇದ್ದಾರೆ. ಮರಬೇಸಾಯಕ್ಕೆ ಹಾಗೆ ಕೇಳಿ ಬರಬಹುದಾದ ಒಬ್ಬ ಪದವೀಧರರು ತಾಲ್ಲೂಕಿಗೂ ಇಲ್ಲ.

ರಾಜ್ಯದಲ್ಲಿ ಈ ಪದವಿ 1985ರಲ್ಲಿ ಶುರುವಾದದ್ದು ಧಾರವಾಡದಲ್ಲಿ. ಆಮೇಲೆ ಅದು ಶಿರಸಿಗೆ ಹೋಯಿತು, ಕೊಡಗಿನಲ್ಲಿ ಇನ್ನೊಂದು ಕಾಲೇಜಾಯಿತು. ಎರಡೂ ಮಳೆಕಾಡಿನ ಮಡಿಲಲ್ಲಿ. ಕುರುಚಲು ಕಾಡಿನ ಬಯಲುಸೀಮೆಗೆ ಒಂದೂ ಇಲ್ಲ. ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಅದಿರು ಸಂಸ್ಕರಣೆಯನ್ನು ಕಲಿಸುತ್ತೇವೆ. ಬಳ್ಳಾರಿ ನಗರದಲ್ಲಿ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರೀಯ ಸಂಶೋಧನಾ ಕೇಂದ್ರವಿದೆ. ಗಣಿಬಾಧಿತ ಪರಿಸರದ ಪುನಶ್ಚೇತನಕ್ಕೆಂದೇ ರಾಜ್ಯ ನಿಗಮವೊಂದಿದೆ, ಅದರ ಬಳಿ ಸಾವಿರಾರು ಕೋಟಿ ಹಣವಿದೆ, ಆ ಹಣದ ಮೇಲೆ ಕಣ್ಣಿಡಲು 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ರಸ್ತೆ, ಆಸ್ಪತ್ರೆ ಕಟ್ಟಲು ಅದರಲ್ಲಿ ಜಾಗವಿದೆ ಎಂದ ಮೇಲೆ ನಂದಿಹಳ್ಳಿಯಲ್ಲೇ ಒಣಕಾಡು ಮತ್ತು ಗಣಿ ಪುನಶ್ಚೇತನದ ಪದವಿಯೊಂದಕ್ಕೂ ಜಾಗ ಸಿಗಬೇಕು. ಜೊತೆಗೆ, ನೋಂದಾಯಿತ ಅರಣ್ಯ ಪದವೀಧರರ ಸಹಿ ಇಲ್ಲದ ಯಾವ ಪುನಶ್ಚೇತನ ವರದಿಯನ್ನೂ ಅಂಗೀಕರಿಸಬಾರದು ಎಂಬ ಒಂದು ಸಾಲಿನ ನಿಯಮ ಬರಬೇಕು.

ವಿದ್ಯಾರ್ಥಿಗಳು ಮತ್ತೆ ಮುಷ್ಕರ ಹೂಡುವುದು ಖಂಡಿತ. ಹೂಡಲಿ. ಮಲ್ಲೇಶ್ವರದ ಅರಣ್ಯ ಭವನಕ್ಕೆ ಕೊಡುವ ಮನವಿಯ ಒಂದು ಪ್ರತಿಯನ್ನು ಗಣಿ ಇಲಾಖೆಗೂ ತಲುಪಿಸಲಿ. ಅದರಲ್ಲಿ ಶೇಕಡಾವಾರು ಲೆಕ್ಕಕ್ಕಿಂತ ಮೇಲೆ ಈ ಸಹಿಯ ನಿಯಮದ ಬೇಡಿಕೆ ಇರಲಿ.